ಎಂಎಲ್‌ಕೆ ಡೇಗೆ ನಮ್ಮ ಟ್ಯಾಕ್ಸ್ ಆಫೀಸ್ ಏನು ಮಾಡುತ್ತೆ: ನನ್ನ ಅನುಭವ

ನಾನು ಅಟ್ಲಾಂಟಾ ಹತ್ರ ಒಂದು ಸಣ್ಣ ಅಕೌಂಟಿಂಗ್ ಆಫೀಸ್ ನಡೆಸ್ತೀನಿ, ಕ್ಲೈಂಟ್ಸ್ ಮುಕ್ಕಾಲು ಪಾಲು ನಮ್ಮ ದೇಶದವರೇ, ಐಟಿಯವರು, ಗ್ಯಾಸ್ ಸ್ಟೇಷನ್ ಇಟ್ಟವರು, ಮೋಟೆಲ್ ಇಟ್ಟವರು. ಜನವರಿ ಮೂರನೇ ಸೋಮವಾರ ಇಲ್ಲಿ ಕಪ್ಪು ಜನರ ಹಕ್ಕಿಗೆ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಹೆಸರಲ್ಲಿ ಫೆಡರಲ್ ರಜೆ, ಅದೇ ಎಂಎಲ್‌ಕೆ ಡೇ. 1986ರಲ್ಲಿ ಶುರುವಾಗಿದ್ದು, 1994ರಲ್ಲಿ ಅದನ್ನ ಸೇವೆ ಮಾಡೋ ದಿನ ಅಂತಾನೂ ಕಾನೂನು ಮಾಡಿದ್ರು, ಅದಕ್ಕೆ ಓಡಾಡಿದವರಲ್ಲಿ ಒಬ್ಬರು ಅಟ್ಲಾಂಟಾದ ಸಂಸದ ಜಾನ್ ಲೂಯಿಸ್, 1965ರಲ್ಲಿ ಕಪ್ಪು ಜನರ ವೋಟಿನ ಹಕ್ಕಿಗಾಗಿ ಮೆರವಣಿಗೆ ಹೋಗಿ ಅಲಬಾಮಾದ ಸೆಲ್ಮಾ ಸೇತುವೆ ಮೇಲೆ ಪೊಲೀಸರ ಲಾಠಿಗೆ ತಲೆ ಕೊಟ್ಟವರು. ಅವತ್ತು ಕಂಪನಿಗಳು ಟೀ ಶರ್ಟ್ ಹಾಕ್ಕೊಂಡು ಪಾರ್ಕ್ ಕ್ಲೀನ್ ಮಾಡ್ತಾರೆ, ಸ್ಕೂಲ್ ಗೋಡೆಗೆ ಬಣ್ಣ ಹೊಡೀತಾರೆ, ಒಳ್ಳೇ ಕೆಲಸಾನೇ. ಆದ್ರೆ ನಮಗೆ ಬರೋದು ಲೆಕ್ಕ, ಈ ಊರಿನ ಬಡವರಿಗೆ ಲೆಕ್ಕ ಗೊತ್ತಿರೋ ಜನ ಬೇಕೇ ಬೇಕು, ಹಾಗಾಗಿ ನಾವು ಅದನ್ನೇ ಕೊಡೋಣ ಅಂತ ತೀರ್ಮಾನ ಮಾಡಿದ್ವಿ.

ಇದು ನಮಗ್ಯಾಕೆ ಅಂತ ಆಫೀಸಲ್ಲೇ ಒಬ್ಬರು ಕೇಳಿದ್ರು. 1946ರಿಂದ 1965ರವರೆಗೆ ಇಡೀ ಭಾರತಕ್ಕೆ ಅಮೆರಿಕ ಕೊಡ್ತಿದ್ದ ವಲಸೆ ಕೋಟಾ ವರ್ಷಕ್ಕೆ ಬರೀ 100 ಜನ. ಬಣ್ಣ ನೋಡಿ ಭೇದ ಮಾಡೋದನ್ನ ತಡೆದ 1964ರ ಸಿವಿಲ್ ರೈಟ್ಸ್ ಕಾನೂನು, ಕಪ್ಪು ಜನರ ವೋಟಿನ ಹಕ್ಕು ಕಾಪಾಡಿದ 1965ರ ವೋಟಿಂಗ್ ರೈಟ್ಸ್ ಕಾನೂನು, ಇವೆರಡೂ ಬಂದ ಬೆನ್ನಿಗೇ ಅದೇ ವರ್ಷ ಅಕ್ಟೋಬರ್‌ನಲ್ಲಿ ಆ ಹಳೇ ಕೋಟಾ ಪದ್ಧತಿ ತೆಗೆದು ಹಾಕಿದ್ರು, ಹುಟ್ಟಿದ ದೇಶ ನೋಡಿ ಜನರನ್ನ ಅಳೆಯೋದು ತಪ್ಪು ಅನ್ನೋ ಮಾತು ಅಷ್ಟೊತ್ತಿಗೆ ಗಟ್ಟಿಯಾಗಿತ್ತು, ಗಟ್ಟಿ ಮಾಡಿದವರು ಜೈಲಿಗೆ ಹೋದ ಕಪ್ಪು ಜನ. ನಮ್ಮ ಡಾಕ್ಟರು, ಇಂಜಿನಿಯರುಗಳೆಲ್ಲ ಬಂದಿದ್ದು ಆಮೇಲೆ. ಆ ಋಣ ನಮ್ಮ ಮೇಲಿದೆ.

ಇನ್ನೊಂದು ವಿಷಯ, ಲೆಕ್ಕದವರಾಗಿ ನಾವು ತಿಳ್ಕೊಂಡಿರಬೇಕಾದ್ದು. 1960ರಲ್ಲಿ ಅಲಬಾಮಾ ಸರ್ಕಾರ ಕಿಂಗ್ ಅವರ ಮೇಲೆ ಟ್ಯಾಕ್ಸ್ ರಿಟರ್ನ್‌ನಲ್ಲಿ ಸುಳ್ಳು ಬರೆದಿದಾರೆ ಅಂತ ಕೇಸ್ ಹಾಕ್ತು, ಚಳವಳಿಗೆ ಬಂದ ದುಡ್ಡು ಇವರೇ ಇಟ್ಕೊಂಡ್ರು ಅನ್ನೋ ಅರ್ಥ ಬರೋ ಹಾಗೆ. ಆ ವರ್ಷ ಮೇ ತಿಂಗಳಲ್ಲಿ ಬರೀ ಬಿಳಿಯರೇ ಇದ್ದ ಜ್ಯೂರಿ ಅವರನ್ನ ನಿರ್ದೋಷಿ ಅಂತ ಬಿಡ್ತು. ಅಂಥಾ ಕಾಲದಲ್ಲಿ, ಅಂಥಾ ಊರಲ್ಲಿ! ಲೆಕ್ಕ ಸರಿಯಾಗಿ ಗೊತ್ತಿರೋರು ಪಕ್ಕದಲ್ಲಿ ನಿಂತ್ರೆ ಒಬ್ಬ ಮನುಷ್ಯನ ಮರ್ಯಾದೆ ಉಳಿಯುತ್ತೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಹಾಗಾಗಿ ನಾವು ಹಿಡಿದಿದ್ದು ವೀಟಾ, ಐಆರ್‌ಎಸ್, ಅಂದ್ರೆ ಅಮೆರಿಕದ ತೆರಿಗೆ ಇಲಾಖೆ, 1969ರಿಂದ ನಡೆಸ್ತಿರೋ ಉಚಿತ ಟ್ಯಾಕ್ಸ್ ಸಹಾಯ, ಚರ್ಚ್, ಲೈಬ್ರರಿ, ಕಮ್ಯೂನಿಟಿ ಸೆಂಟರ್‌ಗಳಲ್ಲಿ ನಡೆಯುತ್ತೆ. ನಾವು ಹೋದ ಸೆಂಟರ್ ಒಂದು ಚರ್ಚ್‌ನಲ್ಲಿತ್ತು, ಅದನ್ನ ನೋಡ್ಕೊಳ್ತಿದ್ದವರು ರಿಟೈರ್ ಆದ ಒಬ್ಬ ಹಿರಿಯ ಹೆಂಗಸು, ಎಲ್ಲರೂ ಮ್ಯಾಮ್ ಅಂತಾನೇ ಕರೀತಿದ್ರು. ನಾನು ದೊಡ್ಡದಾಗಿ ಪ್ಲಾನ್ ಹೇಳಿದೆ, ಅವರು ಪೂರ್ತಿ ಕೇಳಿ, "ಜನವರಿ ಸೋಮವಾರ ಬರೋರು ಬೇಕಾದಷ್ಟು ಜನ ಇದಾರೆ, ಫೆಬ್ರವರಿ ಶನಿವಾರಗಳಲ್ಲಿ ಬರ್ತೀರಾ ಅದು ಹೇಳಿ" ಅಂದ್ರು. ಬರ್ತೀವಿ ಅಂದೆ. ನಮ್ಮ ಇಡೀ ಕಾರ್ಯಕ್ರಮ ಆ ಮಾತಿನ ಮೇಲೇ ನಿಂತಿದೆ.

ಯಾಕಂದ್ರೆ ಎಂಎಲ್‌ಕೆ ಡೇ ದಿನ ರಿಟರ್ನ್ ಕಳಿಸೋಕೇ ಆಗಲ್ಲ, ಐಆರ್‌ಎಸ್ ಇ-ಫೈಲ್ ತೆರೆಯೋದು ಸಾಮಾನ್ಯವಾಗಿ ಜನವರಿ ಕೊನೇಲಿ, 2025ರಲ್ಲಿ ಹಬ್ಬ 20ಕ್ಕೆ, ಫೈಲಿಂಗ್ ಶುರುವಾಗಿದ್ದು 27ಕ್ಕೆ. ಜೊತೆಗೆ ನಮ್ಮ ಆಫೀಸಿಗೆ ಅದು ಕುತ್ತಿಗೆಗೆ ಬಂದಿರೋ ಟೈಮ್, ಸಂಬಳ, ಬೇರೆ ಆದಾಯ ತೋರಿಸೋ ಡಬ್ಲ್ಯೂ-2, 1099 ಫಾರಂ ಎಲ್ಲ 31ರೊಳಗೆ ಹೋಗಬೇಕು. ಹಾಗಾಗಿ ಆ ಸೋಮವಾರ ನಾವು ಮಾಡೋದು ತಯಾರಿ ಕೆಲಸ, ಅಪಾರ್ಟ್‌ಮೆಂಟ್‌ಗಳಿಗೆ ಹೋಗಿ ಯಾವ ಯಾವ ಪೇಪರ್ ತರಬೇಕು ಅಂತ ಹೇಳೋದು, ಅಪಾಯಿಂಟ್‌ಮೆಂಟ್ ಬರ್ಕೊಳ್ಳೋದು, ಸೋಶಿಯಲ್ ಸೆಕ್ಯೂರಿಟಿ ಕಾರ್ಡ್ ಕಳೆದುಹೋದವರಿಗೆ ಹೊಸದಕ್ಕೆ ಅರ್ಜಿ ಹಾಕಿಸೋದು. ಅಸಲಿ ಕೆಲಸ ಏಪ್ರಿಲ್ 15ರವರೆಗೆ ಶನಿವಾರಗಳಲ್ಲಿ, ಪಾಳಿ ಹಾಕ್ಕೊಂಡು.

ಅಲ್ಲಿ ಕೂತ್ಮೇಲೆ ಗೊತ್ತಾಗಿದ್ದು ಎಷ್ಟು ದುಡ್ಡು ಜನರ ಕೈ ತಪ್ಪಿ ಹೋಗ್ತಿದೆ ಅಂತ. ಅರ್ನ್ಡ್ ಇನ್‌ಕಮ್ ಟ್ಯಾಕ್ಸ್ ಕ್ರೆಡಿಟ್ ಅಂತ ಒಂದಿದೆ, ಕಡಿಮೆ ಸಂಬಳದಲ್ಲಿ ದುಡಿಯೋರಿಗೆ ರಿಟರ್ನ್ ಮೂಲಕ ಸರ್ಕಾರ ಕೊಡೋ ದುಡ್ಡು, 2024ರ ವರ್ಷಕ್ಕೆ ಮೂರು ಮಕ್ಕಳಿದ್ರೆ 7,830 ಡಾಲರ್‌ವರೆಗೂ ಬರುತ್ತೆ, ಅರ್ಹತೆ ಇರೋ ಐದರಲ್ಲಿ ಒಬ್ಬರು ಅದನ್ನ ಕೇಳೋದೇ ಇಲ್ಲ ಅಂತ ಐಆರ್‌ಎಸ್ಸೇ ಹೇಳುತ್ತೆ. ನರ್ಸಿಂಗ್ ಹೋಮ್‌ನಲ್ಲಿ ರಾತ್ರಿ ಪಾಳಿ ಮಾಡೋ ಒಬ್ಬ ಅಜ್ಜಿ ಬಂದಿದ್ರು, ಮೊಮ್ಮಕ್ಕಳನ್ನ ಅವರೇ ಸಾಕ್ತಿದ್ರು, ಸ್ವಂತ ಮಕ್ಕಳಿಗೆ ಮಾತ್ರ ಸಿಗುತ್ತೆ ಅಂದ್ಕೊಂಡು ಸುಮ್ನಿದ್ರು. ಅರ್ಧ ವರ್ಷಕ್ಕಿಂತ ಜಾಸ್ತಿ ಜೊತೇಲಿದ್ರೆ ಮೊಮ್ಮಕ್ಕಳೂ ಲೆಕ್ಕಕ್ಕೆ ಬರ್ತಾರೆ, ಹಿಂದಿನ ಮೂರು ವರ್ಷದ್ದೂ ಸರಿಮಾಡಿ ಕೇಳಬಹುದು. ಹಳೇ ಪೇಪರ್ ಹುಡುಕೋಕೆ ಅವರ ಜೊತೆ ಕೂತಿದ್ದು ನಮ್ಮ ಆಫೀಸಿನ ಕಿರಿಯ ಹುಡುಗಿ, ಧಾರವಾಡದವಳು, ಆಮೇಲೆ ಒಂದು ಶನಿವಾರಾನೂ ತಪ್ಪಿಸಲಿಲ್ಲ.

ಬಿಸಿನೆಸ್‌ನವರು ಕಟ್ಟುನಿಟ್ಟಾಗಿ ಪಾಲಿಸಬೇಕಾದ್ದು ಒಂದಿದೆ. ಅಲ್ಲಿ ಬಂದವರನ್ನ ನಿಮ್ಮ ಕ್ಲೈಂಟ್ ಮಾಡ್ಕೊಳ್ಳೋ ಹಾಗಿಲ್ಲ, ದುಡ್ಡು, ಟಿಪ್ಸ್ ಏನೂ ತಗೊಳ್ಳೋ ಹಾಗಿಲ್ಲ, ಇದು ವೀಟಾ ನಿಯಮ. ನಾವು ಇನ್ನೂ ಮುಂದೆ ಹೋಗಿ ವಿಸಿಟಿಂಗ್ ಕಾರ್ಡ್, ಬ್ಯಾನರ್, ಕಂಪನಿ ಹೆಸರಿನ ಶರ್ಟ್ ಎಲ್ಲ ಬಿಟ್ಟೇ ಹೋಗ್ತೀವಿ. ಬಂದವರು ಮಗಳ ಜನ್ಮದಿನಾಂಕದಿಂದ ಹಿಡಿದು ಬ್ಯಾಂಕ್ ಅಕೌಂಟ್‌ವರೆಗೂ ನಮ್ಮ ಮುಂದೆ ಬಿಚ್ಚಿಡ್ತಾರೆ, ಫೋಟೋ ಅಂತೂ ಬೇಡವೇ ಬೇಡ. ಸ್ಟಾಫ್‌ನ ಬಲವಂತ ಮಾಡಬೇಡಿ, ಬರ್ತೀನಿ ಅಂದವರಿಗೆ ನಾವು ಆ ಗಂಟೆಗಳ ಸಂಬಳ ಕೊಡ್ತೀವಿ. ವಾರಪೂರ್ತಿ ದುಡಿದು ಶನಿವಾರಾನೂ ಬರೋರಿಗೆ ಅಷ್ಟು ಮಾಡದೇ ಇದ್ರೆ ಹೇಗೆ, ಕಿಂಗ್ ಸತ್ತಿದ್ದೇ ಮೆಂಫಿಸ್‌ನ ಕಸ ಎತ್ತೋ ಕಾರ್ಮಿಕರ ಮುಷ್ಕರಕ್ಕೆ ಹೋದಾಗ.

ಟ್ಯಾಕ್ಸ್ ಕೆಲಸ ಅಲ್ಲದವರು ಆ ಕಾಲದ ಬಿಸಿನೆಸ್‌ಗಳನ್ನೇ ನೋಡಿ. ಅಲಬಾಮಾದ ಮಾಂಟ್ಗಮರಿಯಲ್ಲಿ ಜಾರ್ಜಿಯಾ ಗಿಲ್ಮೋರ್ ಅನ್ನೋ ಅಡುಗೆಯವರು ಊಟ, ಪೈ ಮಾಡಿ ಮಾರಿ ಆ ದುಡ್ಡನ್ನ ಬಸ್‌ನಲ್ಲಿ ಕಪ್ಪು ಜನರಿಗೆ ಮಾಡ್ತಿದ್ದ ಭೇದದ ವಿರುದ್ಧ ನಡೆದ ಬಸ್ ಬಹಿಷ್ಕಾರಕ್ಕೆ ಕೊಟ್ರು, ಬರ್ಮಿಂಗ್‌ಹ್ಯಾಮ್‌ನ ಎ.ಜಿ. ಗ್ಯಾಸ್ಟನ್ ತಮ್ಮ ಮೋಟೆಲ್‌ನಲ್ಲಿ ಚಳವಳಿಯವರಿಗೆ ಜಾಗ ಕೊಟ್ರು, ಅದಕ್ಕೆ 1963ರ ಮೇ ತಿಂಗಳಲ್ಲಿ ಬಾಂಬ್ ಬಿತ್ತು. ಕೈಯಲ್ಲಿರೋ ಕಸುಬನ್ನೇ ಕೊಟ್ಟಿದ್ದು ಅವರು. ನಮ್ಮವರ ಹೋಟೆಲ್‌ಗಳು ಆ ಶನಿವಾರಗಳಿಗೆ ವಾಲಂಟಿಯರ್ಸ್‌ಗೆ ಊಟ ಕಳಿಸಬಹುದು, ಮೊದಲು ಸೆಂಟರ್ ನೋಡ್ಕೊಳ್ಳೋರನ್ನ ಏನು ಬೇಕು ಅಂತ ಕೇಳಿ.

ಬರೋ ಸೀಸನ್‌ಗೆ ಸೇರಬೇಕು ಅನ್ನೋರು ಅಕ್ಟೋಬರ್‌ನಲ್ಲೇ ಹತ್ತಿರದ ವೀಟಾ ಸೆಂಟರ್‌ನ ಮಾತಾಡ್ಸಿ. ಸಿಪಿಎ, ಅಂದ್ರೆ ಲೈಸೆನ್ಸ್ ಇರೋ ಅಕೌಂಟೆಂಟ್ ಆಗಿದ್ರೂ ಐಆರ್‌ಎಸ್ ಪರೀಕ್ಷೆ ಪಾಸ್ ಆಗಬೇಕು, ಆನ್‌ಲೈನ್‌ನಲ್ಲೇ ಇರುತ್ತೆ, ಡಿಸೆಂಬರ್ ರಜೇಲಿ ಮುಗಿಸ್ಕೊಂಡ್ರೆ ಜನವರಿ ಗಲಾಟೇಲಿ ಕಷ್ಟ ಆಗಲ್ಲ. ಲೆಕ್ಕ ಬರದೇ ಇರೋರೂ ಬನ್ನಿ, ಬಾಗಿಲಲ್ಲಿ ಜನರನ್ನ ಮಾತಾಡ್ಸಿ ಪೇಪರ್ ಜೋಡಿಸ್ಕೊಡೋರಿಗೇ ನಮ್ಮ ಸೆಂಟರ್‌ನಲ್ಲಿ ಯಾವಾಗಲೂ ಕೊರತೆ.