ಪಿಂಗ್ ಬರುತ್ತದೆ, ಡೇಟಾ ಬರುವುದಿಲ್ಲ: ಕಪನೂರಿನ ದಾಲ್ ಮಿಲ್‌ನಲ್ಲಿ ನನ್ನ ಅನುಭವ

ಸೆನ್ಸರ್‌ಗಳ ಅಂಕಿ ದಾಖಲಿಸುವ ಪೆಟ್ಟಿಗೆ ಲಾಗರ್. ಅದಕ್ಕೆ ಪಿಂಗ್ ಮಾಡಿದರೆ, ಅಂದರೆ ನೆಟ್‌ವರ್ಕ್‌ನಲ್ಲಿ "ಇದ್ದೀಯಾ" ಎಂದು ಕೇಳಿದರೆ, ಉತ್ತರ ಬರುತ್ತದೆ. ಕಂಪ್ಯೂಟರ್‌ನಲ್ಲಿ ಮಾತ್ರ ಒಂದು ಅಂಕಿಯೂ ಇಲ್ಲ. ಲಾಗರ್ ಆಫ್ ಮಾಡಿ ಆನ್ ಮಾಡಿದರೆ ಎರಡು ಮೂರು ದಿನ ಸರಿ, ಆಮೇಲೆ ಮತ್ತೆ ಅದೇ ಕಥೆ. ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾದ ಒಂದು ದಾಲ್ ಮಿಲ್‌ನಲ್ಲಿ ಹೆಚ್ಚು ಕಡಿಮೆ ಇಡೀ ಸೀಸನ್ ಹೀಗೇ ನಡೆಯಿತು. ತೊಗರಿ ಒಣಗಿಸುವ ಡ್ರೈಯರ್‌ಗೆ ಬಿಸಿ ಅಳೆಯುವ ಎಂಟು ಪಿಟಿ-100 ಸೆನ್ಸರ್, ಒಂದು ಲಾಗರ್, ಅಂಕಿ ಸಾಗಿಸಲು ಮಾಡ್‌ಬಸ್ ಟಿಸಿಪಿ ಎಂಬ ನೆಟ್‌ವರ್ಕ್ ಭಾಷೆ, ಆಫೀಸಿನಲ್ಲಿ ವಿಂಡೋಸ್ ಪಿಸಿ. ಇಷ್ಟೇ.

ಲಾಗರ್ ಕಂಪನಿಯ ಎಂಜಿನಿಯರ್ ಬಂದು ನೋಡಿ, "ಬೋರ್ಡ್ ಹೋಗ್ಯಾದರೀ, ಬದಲಿ ಮಾಡೂದೇ ಛಲೋ" ಎಂದರು. ಕೊಟೇಶನ್ ಸುಮಾರು 45 ಸಾವಿರ. "ಬೋರ್ಡ್‌ಗೆ ಏನೂ ಆಗಿಲ್ಲ ಸಾವ್ಕಾರ್ರೆ, ಸ್ವಲ್ಪ ತಡೀರಿ" ಎಂದೆ. ಯಾರೂ ನಂಬಲಿಲ್ಲ.

ನಂಬದಿರಲು ಕಾರಣವೂ ಇತ್ತು. ಅಷ್ಟರಲ್ಲಿ ಜಾಸ್ತಿ ಹಣ ಹೋಗಿತ್ತು. ಲಾಗರ್ ಕೇಬಲ್ ಬ್ಲೋವರ್ ಡ್ರೈವ್‌ನ ಕೇಬಲ್ ಜೊತೆ ಒಂದೇ ಟ್ರೇನಲ್ಲಿ ಓಡುತ್ತಿತ್ತು. ಉದ್ದವೂ ಈಥರ್ನೆಟ್ ಕೇಬಲ್‌ನ 100 ಮೀಟರಿನ ಮಿತಿಗೆ ಹತ್ತಿರ. ಬ್ಲೋವರ್ ಶುರುವಾದರೆ ಅದರ ವಿದ್ಯುತ್ ಗದ್ದಲಕ್ಕೆ ಲಿಂಕ್ ಬಿದ್ದು ಏಳುತ್ತಿತ್ತು. ಶೀಲ್ಡ್ ಇರುವ ಕೇಬಲ್‌ಗೆ ಆರೇಳು ಸಾವಿರ, ಹೊಸ ಸ್ವಿಚ್‌ಗೆ ಎರಡು ಸಾವಿರದಷ್ಟು. ಸ್ವಲ್ಪ ಸುಧಾರಿಸಿತು, ನಿಲ್ಲಲಿಲ್ಲ. ಕೊನೆಗೆ ತಂತಿಯ ಸಿಗ್ನಲನ್ನು ಬೆಳಕಾಗಿ ಬದಲಿಸುವ ಎರಡು ಮೀಡಿಯಾ ಕನ್ವರ್ಟರ್ ಹಾಕಿ ಫೈಬರ್ ಎಳೆಸಿದೆ, ಒಟ್ಟು ಒಂಬತ್ತು ಸಾವಿರದ ಆಸುಪಾಸು. ಲಿಂಕ್ ಬೀಳುವುದು ಅಲ್ಲಿಗೆ ನಿಂತಿತು. ಸಿಡಿಲಿನ ಭಯವೂ ಕಡಿಮೆಯಾಯಿತು. ಡೇಟಾ ನಿಲ್ಲುವುದು ಮಾತ್ರ ತಪ್ಪಲಿಲ್ಲ. ಅಂದರೆ ಇದ್ದದ್ದು ಎರಡು ಬೇರೆ ರೋಗ.

ಲಾಗರ್ ಮತ್ತೆ ಕೈಕೊಟ್ಟ ದಿನ ಯಾರಿಗೂ ಅದನ್ನು ಆಫ್ ಮಾಡಲು ಬಿಡಲಿಲ್ಲ. ಎಲ್ಲರೂ ಅವಸರದಲ್ಲಿ ಆಫ್ ಮಾಡಿ ಸಾಕ್ಷಿಯನ್ನೇ ಅಳಿಸುತ್ತಾರೆ, ಅಲ್ವಾ? ಲ್ಯಾಪ್‌ಟಾಪ್‌ಗೆ ಸ್ಟ್ಯಾಟಿಕ್ ಐಪಿ (ಕೈಯಾರೆ ಹಾಕುವ ನೆಟ್‌ವರ್ಕ್ ವಿಳಾಸ) ಕೊಟ್ಟು ನೇರವಾಗಿ ಲಾಗರ್‌ಗೆ ಚುಚ್ಚಿದೆ. ಐಪಿ ಕೊಡದಿದ್ದರೆ ಲ್ಯಾಪ್‌ಟಾಪ್ ತಾನೇ ಹಾಕಿಕೊಳ್ಳುವ 169.254 ವಿಳಾಸ ಬಂದು ಕೂರುತ್ತದೆ, ಸುಮ್ನೆ ಹೊತ್ತು ಹೋಗುತ್ತದೆ. ಪಿಂಗ್ ಬಂತು. ಮಾಡ್‌ಬಸ್‌ನ ಬಾಗಿಲಾದ 502 ಪೋರ್ಟ್ ತೆರೆಯಲಿಲ್ಲ. ನೆಟ್‌ವರ್ಕ್‌ನಲ್ಲಿ ಓಡಾಡುವುದನ್ನು ತೋರಿಸುವ ವೈರ್‌ಶಾರ್ಕ್‌ನಲ್ಲಿ ಎಸ್‌ವೈಎನ್ (ಕನೆಕ್ಷನ್ ಕೋರಿಕೆ) ಹೋದ ಕೂಡಲೇ ಆರ್‌ಎಸ್‌ಟಿ (ನಿರಾಕರಣೆ) ವಾಪಸ್. ಪಿಸಿ, ಫೈರ್‌ವಾಲ್, ಸ್ವಿಚ್, ಫೈಬರ್ ಎಲ್ಲವೂ ಒಂದೇ ಏಟಿಗೆ ಅನುಮಾನದಿಂದ ಹೊರಗೆ. ಲಾಗರ್ ಸತ್ತಿರಲಿಲ್ಲ, ಹೊಸಬರನ್ನು ಒಳಗೆ ಬಿಡುತ್ತಿರಲಿಲ್ಲ.

ಲಾಗರ್‌ಗೆ ಪ್ಯಾನೆಲ್‌ನ ಯುಪಿಎಸ್ ಇತ್ತು. ಪಿಸಿಯ ಯುಪಿಎಸ್ ಬ್ಯಾಟರಿ ಸತ್ತಿತ್ತು. ಕರೆಂಟ್ ಹೋದಾಗ ಪಿಸಿ ಹೇಳದೆ ಕೇಳದೆ ಆಫ್ ಆಗುತ್ತಿತ್ತು. ಕನೆಕ್ಷನ್ ಮುಗಿಯಿತು ಎಂದು ಲಾಗರ್‌ಗೆ ತಿಳಿಸುವವರೇ ಇಲ್ಲ. ಅದು ಹಳೆ ಕನೆಕ್ಷನ್ ಹಿಡಿದುಕೊಂಡೇ ಕೂರುತ್ತಿತ್ತು. ಈ ಮಾಡೆಲ್‌ಗೆ ಒಮ್ಮೆಗೆ ನಾಲ್ಕೇ ಕನೆಕ್ಷನ್. ನಾಲ್ಕು ಸಲ ಕರೆಂಟ್ ಹೋದರೆ ನಾಲ್ಕೂ ಭರ್ತಿ, ಐದನೆಯದಕ್ಕೆ ಬಾಗಿಲು ಬಂದ್.

ಎಂಜಿನಿಯರ್ ಮತ್ತು ಸಾವ್ಕಾರರ ಎದುರೇ ಲಾಗರ್ ಫ್ರೆಶ್ ಆಗಿ ಆನ್ ಮಾಡಿದೆ. ಡೇಟಾ ಓಡುವಾಗಲೇ ಪಿಸಿಯ ಪ್ಲಗ್ ಕಿತ್ತೆ. ಹಾಗೇ ನಾಲ್ಕು ಸಲ. ಐದನೇ ಸಲ ಡೇಟಾ ಬರಲಿಲ್ಲ. ಎಂಜಿನಿಯರ್ ಕೊಟೇಶನ್ ವಾಪಸ್ ತೆಗೆದುಕೊಂಡರು. ಆ ದಿನದ ಖುಷಿ ನನಗೆ ಇಂದಿಗೂ ಇದೆ.

ಲಾಗರ್ ಸೆಟ್ಟಿಂಗ್‌ನಲ್ಲಿ ಐಡಲ್ ಟೈಮ್‌ಔಟ್ (ಸುಮ್ಮನೆ ಕೂತ ಕನೆಕ್ಷನ್ ಬಿಡುವ ಗಡುವು) ಸೊನ್ನೆ ಇತ್ತು, ಅಂದರೆ ಎಂದೂ ಬಿಡಬೇಡ ಎಂದರ್ಥ. 60 ಸೆಕೆಂಡ್ ಮಾಡಿದೆ. ಖರ್ಚು ಸೊನ್ನೆ. ಪಿಸಿಯ ಯುಪಿಎಸ್‌ಗೆ ಹೊಸ ಬ್ಯಾಟರಿ, ಸಾವಿರ ಚಿಲ್ಲರೆ. ಪಿಸಿ ಪ್ರತಿ ಸೆಕೆಂಡ್ ಓದುತ್ತಿದ್ದುದನ್ನು ಐದು ಸೆಕೆಂಡಿಗೆ ಇಳಿಸಿದೆ. ಡ್ರೈಯರ್ ಬಿಸಿ ಒಂದು ಸೆಕೆಂಡಿನಲ್ಲಿ ಎಲ್ಲಿಗೆ ಹೋಗುತ್ತದೆ? ಹತ್ತು ಸೆಕೆಂಡ್, ಅರ್ಧ ನಿಮಿಷವನ್ನೂ ಪರೀಕ್ಷಿಸಿದೆ. ಅರ್ಧ ನಿಮಿಷಕ್ಕೆ ಬರ್ನರ್ ಆರಿದ್ದು ತಡವಾಗಿ ಕಾಣುತ್ತದೆ. ಐದೇ ಸರಿ.

ಟೈಮ್‌ಔಟ್ ಸೆಟ್ಟಿಂಗೇ ಇಲ್ಲದ ಹಳೆ ಲಾಗರ್‌ಗೂ ಒಂದು ದಾರಿ ಕಂಡುಕೊಂಡಿದ್ದೇನೆ. ಅದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯುವುದಿಲ್ಲ.

ಆಮೇಲೆ ಒಂದು ಮಳೆಗಾಲ ದಾಟಿತು, ಲಾಗರ್ ರೀಸ್ಟಾರ್ಟ್ ಮಾಡುವ ಕೆಲಸ ಬಿದ್ದಿಲ್ಲ. ಈಗ ಸೇಡಂ ರಸ್ತೆಯ ಇನ್ನೊಂದು ಮಿಲ್‌ನವರು ಕರೆದಿದ್ದಾರೆ. ಅವರದು ಆರ್‌ಎಸ್-485 ಎಂಬ ಸೀರಿಯಲ್ ಲೈನ್‌ನಿಂದ ಈಥರ್ನೆಟ್‌ಗೆ ಹೋಗುವ ಕನ್ವರ್ಟರ್. ಅಂಥ ಕೆಲವಕ್ಕೆ ಒಂದೇ ಕನೆಕ್ಷನ್ ಇರುತ್ತದೆ, ಒಮ್ಮೆ ಕರೆಂಟ್ ಹೋದರೂ ಸಾಕು. ಕೇಬಲ್ ಮುಟ್ಟುವ ಮೊದಲು ಅದರ ಟೈಮ್‌ಔಟ್ ನೋಡುತ್ತೇನೆ.