ಹಳೆಯ ಕಾರಿನ ಮುಂಗಾಜು ಸೋರುತ್ತಿದ್ದರೆ ಮಳೆಗಾಲಕ್ಕೆ ಮೊದಲು ಮಾಡಬೇಕಾದ ಕೆಲಸ

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟದ ಮನೆಗಳಲ್ಲಿ ಇಂದಿಗೂ ಅಲ್ಲೊಂದು ಇಲ್ಲೊಂದು ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಉಳಿದುಕೊಂಡಿವೆ. ಜೂನ್ ತಿಂಗಳ ಮೊದಲ ವಾರ ಕಳೆಯಿತೆಂದರೆ ಅವುಗಳ ಒಡೆಯರೆಲ್ಲ ಹೇಳುವ ದೂರು ಒಂದೇ: ಕಾರಿನೊಳಗೆ ನೀರು ಬರುತ್ತದೆ, ಎಲ್ಲಿಂದ ಎಂದು ತಿಳಿಯುವುದಿಲ್ಲ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ ಕಾಸರಗೋಡಿನಲ್ಲಿ ಇದು ಸಣ್ಣ ಕಿರಿಕಿರಿಯಲ್ಲ. ಆಟಿ ತಿಂಗಳು (ಜುಲೈ-ಆಗಸ್ಟ್) ಮುಗಿಯುವಷ್ಟರಲ್ಲಿ ಕಾಲಡಿಯ ಕಾರ್ಪೆಟ್ ಕೊಳೆತು, ಅದರ ಕೆಳಗಿನ ತಗಡು ತುಕ್ಕು ಹಿಡಿದು, ಮುಂದಿನ ಬೇಸಿಗೆಯಲ್ಲಿ ಗಾಜಿನ ಕೆಲಸದ ಜೊತೆಗೆ ಟಿಂಕರಿಂಗ್ ಕೆಲಸವೂ ತಲೆಗೆ ಬರುತ್ತದೆ.

ಈಗಿನ ಕಾರುಗಳ ಮುಂಗಾಜನ್ನು ಅಂಟು ಹಾಕಿ ಕೂರಿಸುತ್ತಾರೆ. ಇಲ್ಲಿ ಹೇಳುವ ವಿಧಾನ ಅವುಗಳಿಗೆ ಅನ್ವಯಿಸುವುದಿಲ್ಲ. ಹಳೆಯ ಕಾರುಗಳಲ್ಲಿ ಗಾಜನ್ನು ಹಿಡಿದಿರುವುದು ಸುತ್ತಲೂ ಓಡುವ ದಪ್ಪ ರಬ್ಬರ್, ನಮ್ಮ ಗ್ಯಾರೇಜುಗಳ ಮಾತಿನಲ್ಲಿ ಬೀಡಿಂಗ್. ಅದರ ಒಂದು ಕೊರಕಲಿನೊಳಗೆ ಗಾಜಿನ ಅಂಚು ಕುಳಿತಿರುತ್ತದೆ, ಇನ್ನೊಂದು ಕೊರಕಲಿನೊಳಗೆ ಬಾಡಿಯ ತಗಡಿನ ಅಂಚು ಹೊಕ್ಕಿರುತ್ತದೆ. ಹಾಗಾಗಿ ನೀರಿಗೆ ದಾರಿಗಳೂ ಎರಡು, ಗಾಜು ಮತ್ತು ರಬ್ಬರಿನ ನಡುವೆ ಒಂದು, ರಬ್ಬರ್ ಮತ್ತು ತಗಡಿನ ನಡುವೆ ಇನ್ನೊಂದು. ಯಾವ ದಾರಿಯಿಂದ ಬರುತ್ತಿದೆ ಎಂಬುದನ್ನು ಕಂಡುಕೊಳ್ಳದೆ ಕೈಗೆ ಸಿಕ್ಕಿದ ಅಂಟನ್ನು ಬಳಿದರೆ ಕೆಲಸ ಕೆಡುತ್ತದೆಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ.

ನಮ್ಮ ಮನೆಯ ಅಂಬಾಸಿಡರ್ ಮೊದಲ ಸಲ ಸೋರಿದಾಗ ಪೇಟೆಯ ಗ್ಯಾರೇಜೊಂದರಲ್ಲಿ ರಬ್ಬರಿನ ಸುತ್ತಲೂ ಬಚ್ಚಲುಮನೆಗೆ ಹಾಕುವ ಸಿಲಿಕೋನನ್ನು ದಪ್ಪಗೆ ಬಳಿದು ಕಳುಹಿಸಿದರು. ಎರಡು ಮಳೆಗಾಲ ಒಳಗೆ ಹನಿ ಬೀಳಲಿಲ್ಲ. ಮೂರನೆಯ ವರ್ಷ ಮತ್ತೆ ಸೋರತೊಡಗಿದಾಗ ಗಾಜನ್ನೇ ಕಳಚಿ ನೋಡಿದೆ. ಕೆಳಗಿನ ಎರಡೂ ಮೂಲೆಗಳಲ್ಲಿ ತಗಡಿನ ಅಂಚು ಬಿಸ್ಕತ್ತಿನಂತೆ ಪದರ ಪದರವಾಗಿ ಎದ್ದು, ಬೆರಳು ಸೋಕಿದರೆ ಉದುರುತ್ತಿತ್ತು. ಸಿಲಿಕೋನ್ ನೀರನ್ನು ಹೊರಗೆ ತಡೆದಿರಲಿಲ್ಲ, ಹೇಗೋ ಒಳಹೊಕ್ಕ ನೀರು ಹೊರಗೆ ಹೋಗದಂತೆ ತಡೆದಿತ್ತು. ವಿನೆಗರಿನ ವಾಸನೆ ಬರುವ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಬಣ್ಣ ಹೋದ ಕಬ್ಬಿಣಕ್ಕೆ ಅದು ಶತ್ರು. ಸಾಲದ್ದಕ್ಕೆ, ಸಿಲಿಕೋನಿನ ಪಸೆ ಉಳಿದ ಜಾಗದಲ್ಲಿ ಮತ್ತೆ ಬಣ್ಣವೂ ಸರಿಯಾಗಿ ಕೂರುವುದಿಲ್ಲ.

ಆದ್ದರಿಂದ ಮೊದಲ ಕೆಲಸ ಪರೀಕ್ಷೆ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿ, ಮುಂದಿನ ಕಾರ್ಪೆಟ್ ಮತ್ತು ಅದರ ಅಡಿಯ ಸೆಣಬಿನ ಹಾಸನ್ನು ತೆಗೆದು ಬಿಸಿಲಿಗೆ ಹಾಕಬೇಕು. ಡ್ಯಾಶ್‌ಬೋರ್ಡಿನ ಮೇಲ್ಭಾಗವನ್ನೂ ಗಾಜಿನ ಒಳ ಅಂಚನ್ನೂ ಚೆನ್ನಾಗಿ ಒರಸಿ ಒಣಗಿಸಿ, ರಬ್ಬರಿನ ಉದ್ದಕ್ಕೂ ಮುಖಕ್ಕೆ ಹಾಕುವ ಪೌಡರನ್ನು ತೆಳ್ಳಗೆ ಉದುರಿಸಬೇಕು. ಒಬ್ಬರು ಟಾರ್ಚ್ ಹಿಡಿದು ಒಳಗೆ ಕುಳಿತುಕೊಳ್ಳಲಿ, ಇನ್ನೊಬ್ಬರು ಹೊರಗಿನಿಂದ ತೋಟದ ಪೈಪಿನಲ್ಲಿ ನೀರು ಬಿಡಲಿ. ನೀರು ಜೋರಾಗಿ ಚಿಮ್ಮಬಾರದು, ಸುಮ್ಮನೆ ಹರಿಯಬೇಕು. ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವ ಪಂಪಿನಿಂದ ಹೊಡೆದರೆ ಬೇಗ ತಿಳಿದೀತೆಂದು ಕೆಲವರು ಹೇಳುವುದುಂಟು. ಆ ಒತ್ತಡಕ್ಕೆ ಒಳ್ಳೆಯ ರಬ್ಬರಿನಡಿಗೂ ನೀರು ನುಗ್ಗುವುದರಿಂದ ಅದು ಪರೀಕ್ಷೆಯೇ ಆಗುವುದಿಲ್ಲ.

ನೀರು ಬಿಡುವುದು ಕೆಳಗಿನಿಂದ ಮೇಲಕ್ಕೆ. ಮೊದಲು ಬಾನೆಟ್ ಮತ್ತು ಗಾಜಿನ ನಡುವಣ ಜಾಗಕ್ಕೆ ಬಿಟ್ಟು ಐದು ನಿಮಿಷ ಕಾಯಬೇಕು. ಇಲ್ಲೇ ಒಳಗೆ ನೀರು ಕಂಡರೆ ಗಾಜಿನದು ತಪ್ಪಲ್ಲ. ವೈಪರಿನ ಬುಡದ ವಾಷರ್ ಒಣಗಿ ಬಿರಿದಿರಬಹುದು, ಅಥವಾ ಗಾಳಿ ಒಳಬರುವ ಜಾಲರಿಯಿರುವ ಕಾರಾದರೆ ಅದರಡಿಯ ನೀರಿನ ದಾರಿ ತರಗೆಲೆಯಿಂದ ಕಟ್ಟಿಕೊಂಡಿರಬಹುದು. ಹಲಸಿನ ಮರದಡಿ ನಿಲ್ಲಿಸುವ ಕಾರುಗಳಲ್ಲಿ ಇದು ಸಾಮಾನ್ಯ. ಅಲ್ಲಿ ಏನೂ ಕಾಣದಿದ್ದರೆ ಕೆಳಗಿನ ಅಂಚು, ಒಂದು ಮೂಲೆ, ಇನ್ನೊಂದು ಮೂಲೆ, ಬದಿಗಳು, ಕಡೆಯಲ್ಲಿ ಮೇಲಂಚು, ಹೀಗೆ ಒಂದೊಂದು ಜಾಗಕ್ಕೂ ಅಷ್ಟೇ ಹೊತ್ತು ಕೊಟ್ಟು ಸಾಗಬೇಕು. ಮೇಲಿನಿಂದ ಶುರು ಮಾಡಿದರೆ ಎಲ್ಲ ಕಡೆಯೂ ಒಟ್ಟಿಗೆ ಒದ್ದೆಯಾಗಿ ಏನೂ ತಿಳಿಯುವುದಿಲ್ಲ.

ಒಳಗೆ ಕುಳಿತವರ ಕಣ್ಣು ಹನಿ ಬೀಳುವ ಜಾಗದ ಮೇಲಲ್ಲ, ಪೌಡರಿನ ಮೇಲಿರಬೇಕು. ನೀರು ಬಂದ ಜಾಗದಲ್ಲಿ ಬಿಳಿ ಪುಡಿಯ ನಡುವೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ಮೂಡಿ, ನಿಧಾನವಾಗಿ ಅಗಲವಾಗುತ್ತದೆ. ಬಲ ಮೂಲೆಯಲ್ಲಿ ಒಳಬಂದ ನೀರು ರಬ್ಬರಿನ ಕೊರಕಲಿನೊಳಗೇ ಓಡಿ ಎಡಗಡೆ ಹನಿಯುವುದನ್ನು ನಾನು ನೋಡಿದ್ದೇನೆ. ಗೆರೆ ಗಾಜಿನ ಮೇಲೆ ಇಳಿದರೆ ಸೋರಿಕೆ ಗಾಜಿನ ಕಡೆಯದು. ರಬ್ಬರಿನಡಿಯಿಂದ ತಗಡಿನ ಮೇಲೆ ಬಂದರೆ ಬಾಡಿಯ ಕಡೆಯದು. ಆ ಜಾಗದ ಹೊರಭಾಗಕ್ಕೆ ಕೂಡಲೇ ಟೇಪಿನ ಗುರುತು ಹಾಕಿ.

ಇನ್ನು ರಬ್ಬರಿಗೆ ಉಗುರು ಒತ್ತಿ ನೋಡಿ. ಒತ್ತಿದ ಗುರುತು ಮಾಯವಾಗಿ ರಬ್ಬರ್ ಮೊದಲಿನಂತಾದರೆ ಜೀವ ಇದೆ ಎಂದರ್ಥ, ಗಾಜು ತೆಗೆಯದೆಯೇ ಸರಿಪಡಿಸಬಹುದು. ಉಗುರು ಇಳಿಯದಷ್ಟು ಗಡುಸಾಗಿದ್ದರೆ ಅಥವಾ ಮೂಲೆಗಳಲ್ಲಿ ಬಿರುಕು ಬಿಟ್ಟಿದ್ದರೆ ಹೊಸ ರಬ್ಬರ್ ತರುವುದೊಂದೇ ದಾರಿ.

ಜೀವ ಇರುವ ರಬ್ಬರಿನ ಚಿಕಿತ್ಸೆ ಸರಳ. ಗಾಜಿನ ಮೇಲೂ ಬಣ್ಣದ ಮೇಲೂ ರಬ್ಬರಿನ ಅಂಚಿಗೆ ತಾಗಿದಂತೆ ಮಾಸ್ಕಿಂಗ್ ಟೇಪ್ ಅಂಟಿಸಿ, ಅಡಿಕೆ ದಬ್ಬೆಯನ್ನು ಚಪ್ಪಟೆಯಾಗಿ ಕೆತ್ತಿ ಉಪ್ಪುಕಾಗದದಲ್ಲಿ ನುಣುಪು ಮಾಡಿಕೊಂಡು, ಅದರಿಂದ ರಬ್ಬರಿನ ತುಟಿಯನ್ನು ಮೆಲ್ಲಗೆ ಎತ್ತಿ, ಒಳಗಿನ ಮಣ್ಣು ಮತ್ತು ಹಳೆಯ ಅಂಟನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಬೇಕು. ಸ್ಕ್ರೂಡ್ರೈವರ್ ಬೇಡ, ಅದು ರಬ್ಬರನ್ನು ಹರಿಯುತ್ತದೆ, ಬಣ್ಣ ಕೆರೆಯುತ್ತದೆ, ಗಾಜಿನ ಅಂಚಿಗೆ ತಾಗಿದರೆ ಗಾಜೇ ಹೋಗಬಹುದು. ಸೀಮೆಎಣ್ಣೆ, ಪೆಟ್ರೋಲ್ ಕೂಡ ಬೇಡ, ಅವು ರಬ್ಬರನ್ನು ಉಬ್ಬಿಸುತ್ತವೆ. ಒಂದು ಹಗಲು ಬಿಸಿಲಿಗೆ ಒಣಗಿಸಿದ ಬಳಿಕ, ಎಂದೂ ಗಟ್ಟಿಯಾಗದ ಜಾತಿಯ ವಿಂಡ್‌ಸ್ಕ್ರೀನ್ ಸೀಲೆಂಟನ್ನು ಸಪೂರ ಮೂತಿಯ ಟ್ಯೂಬಿನಿಂದ ಗುರುತಿನ ಎರಡೂ ಬದಿಗೆ ಒಂದೊಂದು ಗೇಣು ಹೆಚ್ಚಾಗಿ ತುಂಬಿ, ತುಟಿಯನ್ನು ಒತ್ತಿ, ಹೊರಬಂದದ್ದನ್ನು ಒರಸಿದರೆ ಮುಗಿಯಿತು. ಗಟ್ಟಿಯಾಗದ ಸೀಲೆಂಟೇ ಏಕೆಂದರೆ, ನಮ್ಮ ರಸ್ತೆಗಳಲ್ಲಿ ಬಾಡಿ ಸದಾ ನಲುಗುತ್ತಿರುತ್ತದೆ. ಗಟ್ಟಿಯಾದದ್ದು ಬಿರಿಯುತ್ತದೆ, ಮೆತ್ತಗಿನದು ಜೊತೆಗೇ ನಲುಗುತ್ತದೆ. ಈಗಿನ ಕಾರುಗಳಿಗೆ ಹಾಕುವ ಪಾಲಿಯುರಿಥೇನ್ ಅಂಟನ್ನು ಇಲ್ಲಿ ಬಳಸಿದರೆ ಮುಂದೆಂದಾದರೂ ಗಾಜು ತೆಗೆಯಬೇಕಾದಾಗ ಒಡೆದೇ ತೆಗೆಯಬೇಕಾದೀತು.

ಗಾಜು ಕಳಚಲೇಬೇಕಾದರೆ ಅದನ್ನು ಏಪ್ರಿಲ್, ಮೇ ತಿಂಗಳಿಗೆ ಇಟ್ಟುಕೊಳ್ಳಿ. ಹೊಸ ರಬ್ಬರನ್ನು ಮಂಗಳೂರಿನಲ್ಲಿ ಅಥವಾ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಬಹುದು, ಹಳೆಯದರ ಒಂದು ತುಂಡನ್ನು ಒಯ್ದು ಅಡ್ಡಕೊಯ್ತವನ್ನು ಹೋಲಿಸಿಯೇ ಕೊಳ್ಳಬೇಕು. ತರುವ ರಬ್ಬರ್ ಮೀಟರ್ ಲೆಕ್ಕದ್ದಾದರೆ ಬೇಕಾದ್ದಕ್ಕಿಂತ ಸುಮಾರು ಒಂದು ಸೆಂಟಿಮೀಟರ್ ಉದ್ದವಾಗಿಯೇ ಕತ್ತರಿಸಿ ಒತ್ತಿ ಕೂಡಿಸಿ, ಏಕೆಂದರೆ ರಬ್ಬರ್ ಕಾಲಕ್ರಮದಲ್ಲಿ ಕುಗ್ಗುತ್ತದೆ, ಎಳೆದು ಕೂಡಿಸಿದ ಕೀಲು ಬಾಯಿ ಬಿಡುತ್ತದೆ.

ವೈಪರ್ ತೋಳು, ಒಳಗಿನ ಕನ್ನಡಿ, ಹೊರಗಿನ ಹೊಳೆಯುವ ಪಟ್ಟಿ ಇವನ್ನು ತೆಗೆದ ಮೇಲೆ ಹಳೆಯ ರಬ್ಬರಿನ ಹೊರತುಟಿಯನ್ನು ಚೂರಿಯಿಂದ ಸುತ್ತಲೂ ಕತ್ತರಿಸಿಬಿಟ್ಟರೆ ಗಾಜು ಸುಲಭವಾಗಿ ಹೊರಬರುತ್ತದೆ. ಒಬ್ಬರು ಒಳಗಿನಿಂದ ಮೇಲಿನ ಮೂಲೆಗಳನ್ನು ಅಂಗೈಯಿಂದ ಒತ್ತಬೇಕು, ಇಬ್ಬರು ಹೊರಗೆ ಹಿಡಿದುಕೊಳ್ಳಬೇಕು. ಕೈಗವಸು, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಟೆಂಪರ್ ಮಾಡಿದ ಗಾಜಾದರೆ ಅಂಚಿಗೆ ಬಿದ್ದ ಒಂದು ಪೆಟ್ಟಿಗೆ ಇಡೀ ಗಾಜು ಹರಳು ಹರಳಾಗುತ್ತದೆ. ಕೆಳಗಿಡುವಾಗ ಹಳೆಯ ಕಂಬಳಿ ಹಾಸಿ ಇಡಿ.

ಈಗ ಕಾಣುವ ತಗಡಿನ ಅಂಚಿನ ಮೇಲೆ ಎಷ್ಟು ಹೊತ್ತು ಕಳೆದರೂ ಹೆಚ್ಚಲ್ಲ. ತಂತಿ ಬ್ರಷ್ ಮತ್ತು 80ನೇ ನಂಬರಿನ ಉಪ್ಪುಕಾಗದದಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಗುಂಡಿಗಳಲ್ಲಿ ಉಳಿದ ತುಕ್ಕಿಗೆ ರಸ್ಟ್ ಕನ್ವರ್ಟರ್ ಹಚ್ಚಿ, ಎಪಾಕ್ಸಿ ಪ್ರೈಮರ್, ಅದರ ಮೇಲೆ ಬಣ್ಣ ಹೊಡೆಯಬೇಕು. ತೂತು ಬಿದ್ದಿದ್ದರೆ ಹೊಸ ತಗಡನ್ನು ವೆಲ್ಡ್ ಮಾಡಿಸಲೇಬೇಕು. ಪುಟ್ಟಿಯಿಂದ ಅಂಚು ಕಟ್ಟಿದರೆ ಗಾಜನ್ನು ಕೂರಿಸುವಾಗಲೇ ಅದು ಒಡೆಯುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಬಣ್ಣ ಪೂರ್ತಿ ಗಟ್ಟಿಯಾಗಲು ಒಂದು ವಾರವನ್ನಾದರೂ ಕೊಡಿ. ಅಡಿಕೆ ಒಣಗಿಸುವ ಸೋಲಾರ್ ಮಾಡು (ಬಿಸಿಲು ಒಳಬಿಡುವ ಚಾವಣಿ) ಇದ್ದವರು ಕಾರನ್ನು ಅದರಡಿಗೇ ನಿಲ್ಲಿಸಬಹುದು.

ಕೂರಿಸುವ ದಿನ ಹೊಸ ರಬ್ಬರನ್ನು ಬಿಸಿಲಿನಲ್ಲಿಟ್ಟು ಮೆತ್ತಗಾಗಿಸಿ ಗಾಜಿನ ಸುತ್ತಲೂ ತೊಡಿಸಿ. ತಗಡು ಹೊಗುವ ಕೊರಕಲಿನೊಳಗೆ ನಾಲ್ಕೈದು ಮಿಲಿಮೀಟರ್ ದಪ್ಪದ ನೈಲಾನ್ ಹಗ್ಗವನ್ನು ಸುತ್ತಲೂ ಕೂರಿಸಿ, ಅದರ ಎರಡೂ ತುದಿಗಳು ಕೆಳಗಿನ ನಡುಭಾಗದಲ್ಲಿ ಒಂದನ್ನೊಂದು ದಾಟಿ ಒಳಗಡೆ ಒಂದು ಗೇಣು ನೇತಾಡುವಂತೆ ಬಿಡಬೇಕು. ರಬ್ಬರಿಗೂ ತಗಡಿಗೂ ಸೋಪಿನ ನೀರು ಬಳಿಯಿರಿ. ತೆಂಗಿನೆಣ್ಣೆ ಹಚ್ಚುವ ರೂಢಿ ಇದೆ, ಆದರೆ ಎಣ್ಣೆಯ ಪಸೆ ಉಳಿದ ಕಡೆ ಮುಂದೆ ಸೀಲೆಂಟ್ ಹಿಡಿಯುವುದಿಲ್ಲ. ಹೊರಗಿನವರು ಗಾಜನ್ನು ನಡುವಿಗೆ ಸರಿಯಾಗಿ ಇಟ್ಟು ಒತ್ತಿ ಹಿಡಿದಿರಲಿ, ಒಳಗಿನವರು ಹಗ್ಗದ ಒಂದು ತುದಿಯನ್ನು ಗಾಜಿಗೆ ಸಮಾನಾಂತರವಾಗಿ ಎಳೆಯಲಿ. ಹಗ್ಗ ಸರಿದಂತೆ ರಬ್ಬರಿನ ತುಟಿ ಪಟಪಟನೆ ತಗಡಿನ ಅಂಚನ್ನು ದಾಟಿ ಒಳಗೆ ಬೀಳುತ್ತದೆ. ಹೊರಗಿನವರ ಅಂಗೈ ಹಗ್ಗ ಎಲ್ಲಿದೆಯೋ ಅಲ್ಲಿಗೇ ಸರಿಯುತ್ತಾ ಗಾಜನ್ನು ಸಣ್ಣಗೆ ತಟ್ಟುತ್ತಿರಬೇಕು. ಕೆಳಭಾಗ, ಬದಿಗಳು, ಕೊನೆಗೆ ಮೇಲ್ಭಾಗ. ಮೂಲೆಯಲ್ಲಿ ಹಗ್ಗ ಸಿಕ್ಕಿಕೊಂಡರೆ ಜಗ್ಗಬೇಡಿ, ಮತ್ತಷ್ಟು ಸೋಪಿನ ನೀರು ಹಾಕಿ ದಬ್ಬೆಯಿಂದ ತುಟಿಯನ್ನು ಎತ್ತಿಕೊಡಿ.

ಸೋಪಿನ ನೀರು ಆರಲು ಒಂದು ಹಗಲು ಬಿಟ್ಟು, ಮೇಲೆ ಹೇಳಿದ ಸೀಲೆಂಟನ್ನು ಎರಡೂ ದಾರಿಗಳಿಗೆ ಪೂರ್ತಿ ಸುತ್ತು ತುಂಬಿ, ಹೊಳೆಯುವ ಪಟ್ಟಿಯನ್ನು ಕೂರಿಸಿ, ಪೌಡರ್ ಹಾಕಿ ಮತ್ತೊಮ್ಮೆ ಪೈಪಿನ ಪರೀಕ್ಷೆ ಮಾಡಿ. ಮೊದಲ ಬಿಸಿಲುಗಳಿಗೆ ಸೀಲೆಂಟ್ ಅಲ್ಲಲ್ಲಿ ಉಕ್ಕಿ ಬಂದರೆ ಗಾಬರಿ ಬೇಡ, ಬಟ್ಟೆಯಿಂದ ಒರಸಿದರೆ ಸಾಕು. ಕಾರ್ಪೆಟನ್ನು ಮಾತ್ರ ಒಂದೆರಡು ದೊಡ್ಡ ಮಳೆ ಬಂದು ಹೋಗುವವರೆಗೆ ಹಾಸಬೇಡಿ. ಬರಿಯ ತಗಡಿನ ಮೇಲೆ ಹಳೆಯ ಪತ್ರಿಕೆ ಹರಡಿಟ್ಟರೆ ಒಂದು ಹನಿ ಬಿದ್ದರೂ ಬೆಳಿಗ್ಗೆ ಅದರ ಗುರುತು ಕಾಗದದ ಮೇಲೆ ಇರುತ್ತದೆ.