ಮಳೆಗಾಲದಲ್ಲಿ ಸಕ್ಯುಲೆಂಟ್ ಬೇರು ಕೊಳೆತರೆ ಹೀಗೆ ಮಾಡಿ

ಎಲೆ, ಕಾಂಡದಲ್ಲಿ ನೀರು ತುಂಬಿಟ್ಟುಕೊಳ್ಳುವ ಸಕ್ಯುಲೆಂಟ್ ಗಿಡದ ಬುಡದ ಎಲೆಗಳು ಹಳದಿಯಾಗಿ, ಮುಟ್ಟಿದರೆ ಪಿಚಕ್ ಅನ್ನುತ್ತಿವೆಯಾ? ಗಿಡ ಬಾಡಿದೆ ಅಂತ ಇನ್ನೊಂದು ಚೊಂಬು ನೀರು ಸುರಿಯಬೇಡಿ. ಹೋದ ಜುಲೈನಲ್ಲಿ ನಾನು ಅದನ್ನೇ ಮಾಡಿ ಒಳ್ಳೆಯ ಜೇಡ್ ಗಿಡ ಕಳೆದುಕೊಂಡೆ.

ಮೊದಲು ಗಿಡ ಕಿತ್ತು ಮಣ್ಣು ಉದುರಿಸಿ. ಒಳ್ಳೆ ಬೇರು ಬಿಳಿ ಅಥವಾ ತಿಳಿ ಕಂದು, ಗಟ್ಟಿ. ಕೊಳೆತದ್ದು ಕಪ್ಪಗಿರುತ್ತೆ, ಎಳೆದರೆ ಸಿಪ್ಪೆ ಕಳಚಿ ಕೈಗೇ ಬರುತ್ತೆ, ವಾಸನೆ ಬೇರೆ. ಬೇರು ಪೂರ್ತಿ ಕೊಳೆತು ಹೋಗಿದ್ದರೆ ಸ್ಪಿರಿಟ್‌ನಲ್ಲಿ ಒರೆಸಿದ ಬ್ಲೇಡಿನಿಂದ ಕಾಂಡವನ್ನು ಕೆಳಗಿನಿಂದ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸುತ್ತಾ ಬನ್ನಿ. ಕತ್ತರಿಸಿದ ಜಾಗದಲ್ಲಿ ಕೊಳೆತ ಕಂದು ಚುಕ್ಕೆ ಒಂದು ಉಳಿದರೂ ಮತ್ತೆ ಶುರುವಾಗುತ್ತೆ, ಅಯ್ಯೋ ಪಾಪ ಅನ್ನಬೇಡಿ. ಪ್ರತಿ ಸಲ ಬ್ಲೇಡ್ ಒರೆಸಿ.

ಕೂಡಲೇ ನೆಡುವ ಆತುರ ಬೇಡ. ನೆರಳಲ್ಲಿ, ಗಾಳಿಯಾಡುವ ಕಡೆ 4-5 ದಿನ ಬಿಡಿ, ಗಾಯ ಒಣಗಿ ಗಟ್ಟಿಯಾಗಬೇಕು. ಮಳೆ ಹಿಡಿದಿದ್ದರೆ ಒಂದು ವಾರ. ಆಮೇಲೆ ಒಣ ಮಣ್ಣಲ್ಲಿ ನಿಲ್ಲಿಸಿ, ಇನ್ನೊಂದು ವಾರ ನೀರು ಕೊಡಬೇಡಿ.

ಮಣ್ಣಿನ ವಿಷಯ: ನರ್ಸರಿ ಗಿಡ ಎಷ್ಟೋ ಸಲ ಬರೀ ತೆಂಗಿನ ನಾರಿನ ಪುಡಿ, ಅಂದರೆ ಕೊಕೊಪೀಟ್‌ನಲ್ಲಿ ಬರುತ್ತೆ, ನಮ್ಮ ಮಳೆಗೆ ಅದು ಒಣಗೋದೇ ಇಲ್ಲ. ಅರ್ಧಕ್ಕಿಂತ ಹೆಚ್ಚು ದಪ್ಪ ಮರಳು, ಇಟ್ಟಿಗೆ ಚೂರು ಅಥವಾ ಪರ್ಲೈಟ್ (ಹಗುರವಾದ ಬಿಳಿ ಹರಳು) ಇರಲಿ. ಇಟ್ಟಿಗೆ ಚೂರನ್ನು ಜರಡಿ ಹಿಡಿದು ಪುಡಿ ತೆಗೆಯಿರಿ, ನೀರು ಹಿಡಿದಿಡೋದು ಆ ಪುಡಿಯೇ. ತಳಕ್ಕೆ ಜಲ್ಲಿ ಹಾಕಿದರೆ ಸಾಕು ಅನ್ನುವವರ ಮಾತು ನಾನಂತೂ ನಂಬಲ್ಲ, ಕುಂಡಕ್ಕೆ ತೂತಿರಬೇಕು, ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಬಾರದು. ನೀರು ಹಾಕುವ ಮುಂಚೆ ಉರಿದುಳಿದ ಊದಿನಕಡ್ಡಿಯನ್ನು ತಳದವರೆಗೆ ಚುಚ್ಚಿ ನೋಡಿ. ಮಣ್ಣು ಅಂಟಿಕೊಂಡು ಬಂತೋ, ಆವತ್ತು ಚೊಂಬು ಮುಟ್ಟಬೇಡಿ.